ಎರಡನೇ ಸಹಿ

ಕಲ್ಲುಗುಂಡಿ
6 ಅಕ್ಟೋಬರ್ 2024

ಪ್ರೀತಿಯ ನಶೀದಾ,

ಎರಡು ಗಂಟೆ ಹತ್ತು ನಿಮಿಷ ಎಂದು ಬರೆದಿದ್ದೀ. ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಹನ್ನೆರಡು ಬರೆಯಲು ಹೋಗಿ ಎರಡು ಬರೆದೆಯೇನೋ ಎಂದೂ ಯೋಚಿಸಿದೆ.

ಹಾರ್ಡ್ ಡಿಸ್ಕ್ ಮತ್ತು ನಿನ್ನ ಪತ್ರ ಎರಡನ್ನೂ ಕಂಡಕ್ಟರ್ ಸಂಪ್ರೀತ್ ಜೋಪಾನವಾಗಿ ತಂದುಕೊಟ್ಟ. ಕವರಿನ ಮೇಲೆ ‘ಬೀಳಿಸಬೇಡಿ’ ಎಂದು ನೀನು ಬರೆದದ್ದನ್ನು ನೋಡಿ ಕಡಬದಿಂದ ಇಲ್ಲಿಯವರೆಗೆ ಮಡಿಲಲ್ಲೇ ಇಟ್ಟುಕೊಂಡಿದ್ದನಂತೆ. ನಮ್ಮಲ್ಲಿಯ ಇಂಟರ್ನೆಟ್ಟಿನಲ್ಲಿ ಇಷ್ಟು ದೊಡ್ಡ ಸೋರ್ಸ್ ಕೋಡ್ ಇಳಿಸಲು ಹೊರಟರೆ ದೀಪಾವಳಿ ಕಳೆದೀತು. ನಮ್ಮ ಈ ಬಸ್ಸಿನ ವ್ಯವಸ್ಥೆಯೇ ವಾಸಿ.

ಈಗ ವಿಷಯಕ್ಕೆ ಬರುತ್ತೇನೆ. ‘ಹಾಳೆ’ ಎಷ್ಟು ದೊಡ್ಡದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಕಾಗದಪತ್ರ ಟೈಪ್ ಮಾಡಲೆಂದು ಹೊರದೇಶದವರು ರಚಿಸಿ ಲೋಕಕ್ಕೆಲ್ಲ ಮುಕ್ತವಾಗಿ ಬಿಟ್ಟ ತಂತ್ರಾಂಶ ಅದು. ಹಳೆಯ ಕಂಪ್ಯೂಟರುಗಳನ್ನು ಅವರು ಕೈಬಿಟ್ಟ ಮೇಲೆ, ನಮ್ಮ ಮೂರು ತಾಲೂಕಿನ ಶಾಲೆ, ಲೈಬ್ರರಿಗಳ ಹಳೆಯ ಯಂತ್ರಗಳಿಗಾಗಿ ನಾವಿಬ್ಬರು ಬಿಲ್ಡ್ ಮಾಡುತ್ತಿದ್ದೇವೆ. ಹತ್ತಾರು ಸಾವಿರ ಫೈಲುಗಳನ್ನು ಒಂದೊಂದಾಗಿ ಯಂತ್ರಕ್ಕೆ ತಿಳಿಯುವ ತುಂಡುಗಳಾಗಿ ಕಂಪೈಲ್ ಮಾಡಿ, ಕೊನೆಗೆ ಎಲ್ಲ ತುಂಡುಗಳನ್ನು ಜೋಡಿಸಬೇಕು. ಬುಡದಿಂದ ಶುರುಮಾಡಿದರೆ ನನ್ನ ಯಂತ್ರಕ್ಕೆ ಹದಿನೆಂಟು ಗಂಟೆ ಬೇಕು, ಅದೂ ಕರೆಂಟು ಇದ್ದರೆ. ಹಾಗಾಗಿ ಹಳೆಯ ತುಂಡುಗಳನ್ನು ಇಟ್ಟುಕೊಂಡು, ಬದಲಾದ ಫೈಲುಗಳನ್ನು ಮಾತ್ರ ಹೊಸದಾಗಿ ಕಂಪೈಲ್ ಮಾಡುವುದು ನನ್ನ ಕ್ರಮ. ಮೊದಲು ಅದಕ್ಕೂ ಒಂದಿಡೀ ಹಗಲು ಹಿಡಿಯುತ್ತಿತ್ತು. ಈ ವರ್ಷ ಹೊಸ ಡಿಸ್ಕ್ ಹಾಕಿಸಿದ ಮೇಲೆ ಐದೇ ಗಂಟೆಯಲ್ಲಿ ಮುಗಿಯುತ್ತಿದೆ. ನನಗೆ ಅದೇ ದೊಡ್ಡ ಜಂಬ.

ನಿನ್ನದು ಬುಡದಿಂದ, ಅದೂ ಎರಡು ಗಂಟೆ! ಏನು ಬಿಟ್ಟೆ? ಏನು ಹಾರಿಸಿದೆ? ಹೇಗೆ ಮಾಡಿದೆ ಎಂದು ವಿವರವಾಗಿ ಬರೆ.

ನಮ್ಮ ಡೊಂಬಯ್ಯಣ್ಣ ಬರೆಯುತ್ತಿರುವ, ನಮ್ಮ ಮನೆಮಾತು ಅರೆಭಾಷೆಯ ಪದಕೋಶ ಆರುನೂರು ಪುಟ ದಾಟಿದೆ. ಮೇ ತಿಂಗಳಲ್ಲಿ ಸೇವ್ ಮಾಡುವಾಗ ನಡುವಿನ ಪುಟಗಳು ಮಾಯವಾಗಿ ಅವರು ಅನ್ನ ನೀರು ಬಿಟ್ಟು ಕುಳಿತದ್ದು ನೆನಪಿದೆಯಲ್ಲ. ಜೂನಿನ ಪ್ರತಿಯಲ್ಲಿ ನಾವು ಅದನ್ನು ಸರಿಮಾಡಿದ ಮೇಲೆ ಮತ್ತೆ ಕೂತು ಟೈಪ್ ಮಾಡುತ್ತಿದ್ದಾರೆ. ಎಪ್ಪತ್ತೆಂಟು ವರ್ಷದ ಅಣ್ಣ, ಒಂದೇ ಬೆರಳು.

ನಿನ್ನ
ಪೂವಮ್ಮ ಟೀಚರ್

---

ಕಡಬ
9 ಅಕ್ಟೋಬರ್ 2024

ಪ್ರೀತಿಯ ಟೀಚರ್‌ಗೆ ನಶೀದಾಳ ನಮಸ್ಕಾರ.

ಬರೆದದ್ದು ಎರಡೇ ಗಂಟೆ ಟೀಚರ್, ಕೈತಪ್ಪಲ್ಲ. ಏನನ್ನೂ ಹಾರಿಸಿಲ್ಲ. ಅಂಗಡಿಯಲ್ಲಿ ಐದು ಯಂತ್ರಗಳಿವೆ, ಕೆಲಸವನ್ನು ಹಂಚಿದೆ, ಅಷ್ಟೆ. ನನ್ನ ಯಂತ್ರ ಮೇಸ್ತ್ರಿಯ ಹಾಗೆ ಫೈಲುಗಳನ್ನು ಉಳಿದವುಗಳಿಗೆ ಕೊಡುತ್ತದೆ, ಅವು ಕಂಪೈಲ್ ಮಾಡಿ ತುಂಡುಗಳನ್ನು ಹಿಂದೆ ಕಳಿಸುತ್ತವೆ. ಕೊನೆಯ ಜೋಡಣೆಗೆ ಹಿಡಿಯುತ್ತಿದ್ದ ಹೊತ್ತನ್ನೂ ಬೇರೆ ಲಿಂಕರ್ ಹಾಕಿ ಉಳಿಸಿದೆ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದ್ದು ಮಧ್ಯಾಹ್ನದ ಬಾಂಗಿಗೆ ಮೊದಲೇ ಮುಗಿದಿತ್ತು.

ಒಂದು ಮಾತು ಹೇಗೆ ಬರೆಯುವುದೆಂದು ತಿಳಿಯದೆ ಎರಡು ಹಾಳೆ ಹರಿದೆ. ನೀವು ಪತ್ರದೊಂದಿಗೆ ಕಳಿಸಿದ ನಿಮ್ಮ ಬಿಲ್ಡ್‌ನ ಗುರುತನ್ನು, ಆ ಬೆರಳಚ್ಚಿನಂಥ ಅಕ್ಷರಗಳನ್ನು, ನನ್ನದರ ಗುರುತಿನೊಂದಿಗೆ ಹೋಲಿಸಿದೆ. ಒಂದೇ ಸೋರ್ಸಿನಿಂದ ಒಂದೇ ಕ್ರಮದಲ್ಲಿ ಮಾಡಿದರೆ ಆ ಅರವತ್ತನಾಲ್ಕು ಅಕ್ಷರಗಳು ಇಬ್ಬರಲ್ಲೂ ಒಂದೇ ಆಗಬೇಕು ಎಂದು ನೀವೇ ನನಗೆ ಕಲಿಸಿದ್ದು. ಉಳಿದದ್ದೆಲ್ಲ ಸರಿ ಉಂಟು, ಒಂದು ಫೈಲು ಹೊಂದುತ್ತಿಲ್ಲ. ಸಿಟ್ಟು ಮಾಡಬೇಡಿ, ನೀವು ಒಮ್ಮೆ ಹಳೆಯ ತುಂಡುಗಳನ್ನೆಲ್ಲ ಅಳಿಸಿ ಬುಡದಿಂದ ಮಾಡಿ ನೋಡುತ್ತೀರಾ?

ನಿಮ್ಮ
ನಶೀದಾ

---

ಕಲ್ಲುಗುಂಡಿ
14 ಅಕ್ಟೋಬರ್ 2024

ನಶೀದಾ,

ಬುಡದಿಂದ ಮಾಡಿ ನೋಡು ಎಂದು ನನಗೇ ಹೇಳುವಷ್ಟು ದೊಡ್ಡವಳಾದೆ. ಸಂತೋಷ. ಆದರೆ ಮಧ್ಯಾಹ್ನ ಮೂರಾದರೆ ಇಲ್ಲಿ ಗುಡುಗು ಶುರುವಾಗುತ್ತದೆ. ಮೊದಲ ಸದ್ದಿಗೆ ಮನೆಯ ಎಲ್ಲ ಪ್ಲಗ್ ಕಿತ್ತು ಇಡಬೇಕು, ಇಂಟರ್ನೆಟ್ಟಿನ ವಯರನ್ನಂತೂ ನಾನು ಏಪ್ರಿಲಿನ ವಿಷುವಿನಿಂದಲೇ ಕಿತ್ತಿಟ್ಟಿದ್ದೇನೆ. ಹೀಗಿರುವಾಗ ಹದಿನೆಂಟು ಗಂಟೆ ಎಲ್ಲಿಂದ ತರಲಿ?

ಹೊಂದದ ಆ ಫೈಲನ್ನು ನಾನೂ ನೋಡಿದೆ. ಕಡತಗಳನ್ನು ಸೇವ್ ಮಾಡುವ ಭಾಗದ್ದು. ನಿನ್ನದು ನನ್ನದಕ್ಕಿಂತ ನಾಲ್ಕು ಸಾವಿರ ಬೈಟ್ ದಪ್ಪ. ಇಬ್ಬರಿಗೂ ಸೋರ್ಸ್ ಒಂದೇ ಆದರೆ, ನನ್ನಲ್ಲಿ ಇಲ್ಲದ್ದು ನಿನ್ನಲ್ಲಿ ಎಲ್ಲಿಂದ ಬಂತು? ಜನ ತಮ್ಮ ಕಾಗದಪತ್ರಗಳನ್ನೆಲ್ಲ ಇದರಲ್ಲೇ ಬರೆಯುವುದು. ಸೇವ್ ಮಾಡುವ ಜಾಗದಲ್ಲಿ ಯಾರಾದರೂ ನಾಲ್ಕು ಸಾಲು ತೂರಿಸಿದರೆ ಎಲ್ಲವನ್ನೂ ಕದ್ದು ಓದಬಹುದು ಎಂಬುದು ನಿನಗೂ ಗೊತ್ತು.

ಮತ್ತೊಂದು ಮಾತು. ನಿನ್ನ ಅಂಗಡಿಯ ಐದು ಯಂತ್ರಗಳ ಬಗ್ಗೆ ಸಂಪ್ರೀತನಲ್ಲಿ ವಿಚಾರಿಸಿದೆ. ಅವನು ದಿನಾ ಕವರ್ ತೆಗೆದುಕೊಳ್ಳಲು ಬರುವವನಲ್ಲವೇ. “ಐದೆಲ್ಲಿ ಟೀಚರ್, ಅವ್ರದ್ದು ಒಂದೇ ಇರುದು, ಮತ್ತೆ ಒಂದು ಜೆರಾಕ್ಸ್ ಮೆಷಿನ್” ಎಂದ. ಉಳಿದ ನಾಲ್ಕು ಯಾರದ್ದು? ಅದನ್ನು ಬರೆಯದೆ ಬಿಟ್ಟದ್ದೇಕೆ?

ನನ್ನ ಬಿಲ್ಡ್ ಫೋಲ್ಡರನ್ನು ಪೂರ್ತಿಯಾಗಿ ಡಿಸ್ಕಿನಲ್ಲಿ ಹಾಕಿ ಕಳಿಸಿದ್ದೇನೆ, ಏನೇನು ನಡೆಯಿತೆಂದು ಯಂತ್ರ ಬರೆದಿಟ್ಟ ಲಾಗ್ ಸಮೇತ. ಬಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ.

ಪೂವಮ್ಮ

---

ಕಡಬ
17 ಅಕ್ಟೋಬರ್ 2024

ಟೀಚರ್‌ಗೆ,

ಸಂಪ್ರೀತ್ ಹೇಳಿದ್ದು ನಿಜ. ಆ ನಾಲ್ಕು ಯಂತ್ರಗಳು ರಿಪೇರಿಗೆ ಬಂದವು. ರಿಪೇರಿ ಮುಗಿದು, ವಾರಸುದಾರರು ಬಂದು ಒಯ್ಯಲು ಕಾಯುತ್ತಿದ್ದವು. ಅವುಗಳ ಡಿಸ್ಕುಗಳನ್ನು ಬಿಚ್ಚಿಟ್ಟು, ನನ್ನ ಪೆನ್‌ಡ್ರೈವಿನಿಂದ ಚಾಲೂ ಮಾಡಿ ಕಂಪೈಲ್ ಕೆಲಸಕ್ಕೆ ಹಚ್ಚಿದೆ. ಯಾರ ಫೈಲನ್ನೂ ಮುಟ್ಟಿಲ್ಲ. ಆದರೂ ಕೇಳದೆ ಬಳಸಿದ್ದು ತಪ್ಪೇ. ಹೊಲಿಯಲು ಕೊಟ್ಟ ಸೀರೆಯನ್ನು ದರ್ಜಿಯವಳು ಉಟ್ಟುಕೊಂಡು ಮದುವೆಗೆ ಹೋದ ಹಾಗೆ ಎಂದು ನೀವು ಬೈಯುತ್ತೀರಿ ಎಂದೇ ಬರೆಯದೆ ಬಿಟ್ಟೆ. ವಾರಸುದಾರರಿಗೆ ಈಗ ಹೇಳಿದ್ದೇನೆ. ಇಬ್ಬರು ನಕ್ಕರು, ಒಬ್ಬರು ಇನ್ನು ಈ ಅಂಗಡಿಗೆ ಬರುವುದಿಲ್ಲ ಎಂದರು.

ನಾಲ್ಕು ಸಾವಿರ ಬೈಟ್ ಎಲ್ಲಿಂದ ಬಂತೆಂದು ನನಗೆ ಇನ್ನೂ ಗೊತ್ತಾಗಿಲ್ಲ. ನಾನು ಏನನ್ನೂ ತೂರಿಸಿಲ್ಲ. ಬೇಕಾದರೆ ನನ್ನ ಒಂದೇ ಯಂತ್ರದಲ್ಲಿ ಮತ್ತೆ ಮಾಡುತ್ತೇನೆ, ಎಷ್ಟು ದಿನವಾದರೂ ಆಗಲಿ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಬಿಲ್ಡನ್ನು ಇಷ್ಟು ಬೇಗ ಮುಗಿಸಲು ಹೊರಟದ್ದಕ್ಕೆ ನನ್ನದೇ ಒಂದು ಕಾರಣ ಇತ್ತು. ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ನಶೀದಾ

---

ಕಲ್ಲುಗುಂಡಿ
21 ಅಕ್ಟೋಬರ್ 2024

ಶ್ರೀಮತಿ ನಶೀದಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಒಂದು ಮಾತನ್ನು ಬಚ್ಚಿಟ್ಟವರು ಇನ್ನೊಂದನ್ನೂ ಬಚ್ಚಿಟ್ಟಿರಬಹುದು ಎಂದು ನನಗೆ ಅನ್ನಿಸಿದರೆ ತಪ್ಪು ತಿಳಿಯಬಾರದು. “ನನ್ನದೇ ಒಂದು ಕಾರಣ” ಎಂಬ ಮಾತು ನನ್ನನ್ನು ಇನ್ನಷ್ಟು ಯೋಚನೆಗೆ ಹಚ್ಚಿದೆ. ಎದುರಿಗೇ ಹೇಳಬೇಕಾದಂಥ ಆ ಕಾರಣ ಏನು? ಯಾರಾದರೂ ಕಂಪೆನಿಯವರು ಹಿಂದಿನಿಂದ ನಡೆಸುತ್ತಿದ್ದಾರೆಯೇ?

ನಮ್ಮ ಕ್ರಮ ನಿಮಗೆ ತಿಳಿದಿದೆ. ಒಬ್ಬರು ಬಿಲ್ಡ್ ಮಾಡಿದ್ದನ್ನು ಇನ್ನೊಬ್ಬರು ತಾವೂ ಮಾಡಿ, ಹೋಲಿಸಿ ನೋಡಿ ಸಹಿ ಹಾಕಬೇಕು. ಎರಡು ಸಹಿ ಬೀಳದ ಪ್ರತಿ ಹೊರಗೆ ಹೋಗಬಾರದು. ಈ ಪ್ರತಿಗೆ ನಾನು ಸಹಿ ಹಾಕುವುದಿಲ್ಲ. ಪುತ್ತೂರು, ಸುಳ್ಯ, ಕಡಬದಲ್ಲಿ ನಮ್ಮಿಂದ ತೆಗೆದುಕೊಳ್ಳುವವರಿಗೆಲ್ಲ ಫೋನು ಮಾಡಿ, ಕಡಬದಿಂದ ಏನು ಬಂದರೂ ಹಾಕಿಕೊಳ್ಳಬೇಡಿ, ಜೂನಿನ ಪ್ರತಿಯನ್ನೇ ಬಳಸಿ ಎಂದು ತಿಳಿಸಿದ್ದೇನೆ. ಅದರಲ್ಲಿ ನಮ್ಮಿಬ್ಬರ ಸಹಿಯೂ ಇದೆ. ಡೊಂಬಯ್ಯಣ್ಣನಿಗೂ ಹಾಗೆಯೇ ಹೇಳಿದ್ದೇನೆ.

ಪೂವಮ್ಮ

---

ಕಡಬ
5 ನವೆಂಬರ್ 2024

ಪೂವಮ್ಮ ಟೀಚರ್‌ಗೆ,

ಬೆಳಿಗ್ಗೆಯಿಂದ ಒಂಬತ್ತು ಸಲ ಫೋನು ಮಾಡಿದೆ. ನೀವು ಎತ್ತಲಿಲ್ಲ, ಡೊಂಬಯ್ಯಣ್ಣನವರಲ್ಲಿ ಫೋನಿಲ್ಲ. ಬೇರೆಯವರ ಫೋನಿನಿಂದ ಮಾಡಿದಾಗ ಎತ್ತಿ, ನನ್ನ ಧ್ವನಿ ಕೇಳಿ ಇಟ್ಟಿರಿ. ಅದಕ್ಕೇ ಈ ಪತ್ರವನ್ನು ಹನ್ನೊಂದರ ಬಸ್ಸಿಗೆ ಕೊಡುತ್ತಿದ್ದೇನೆ. ಸಂಪ್ರೀತ್ ನಿಮ್ಮ ಕೈಗೇ ಕೊಟ್ಟು, ನೀವು ಒಡೆದು ಓದುವವರೆಗೆ ನಿಂತಿರುತ್ತಾನೆ. ಹಾಗೆಂದು ಮಾತು ತೆಗೆದುಕೊಂಡಿದ್ದೇನೆ.

ಮೊದಲು ಒಂದು ಕೆಲಸ ಮಾಡಿ. ಡೊಂಬಯ್ಯಣ್ಣನವರಿಗೆ ಟೈಪ್ ಮಾಡುವುದನ್ನು ನಿಲ್ಲಿಸಲು ಹೇಳಿ. ಸೇವ್ ಮಾಡಲು ಬಿಡಲೇಬೇಡಿ. ಉಳಿದದ್ದನ್ನು ಆಮೇಲೆ ಓದಿ.

ನನ್ನ ಒಂದೇ ಯಂತ್ರದಲ್ಲಿ ಮತ್ತೆ ಬುಡದಿಂದ ಮಾಡಿದೆ. ಅಂಗಡಿಯ ಕೆಲಸದ ನಡುವೆ ಆರು ದಿನ ಹಿಡಿಯಿತು. ಗುರುತು ಅಕ್ಷರಕ್ಕೆ ಅಕ್ಷರ ಮೊದಲಿನದೇ ಬಂತು. ಅಂದರೆ ಆ ನಾಲ್ಕು ಯಂತ್ರಗಳು ಏನನ್ನೂ ಕೆಡಿಸಿರಲಿಲ್ಲ. ಆಮೇಲೆ ನಾಲ್ಕು ಸಾವಿರ ಬೈಟಿನಲ್ಲಿ ಏನಿದೆ ಎಂದು ದಿನಾ ಸ್ವಲ್ಪ ಸ್ವಲ್ಪ ಬಿಡಿಸಿ ನೋಡಿದೆ, ನಿನ್ನೆ ರಾತ್ರಿ ಗೊತ್ತಾಯಿತು. ಅದು ಪುಟಗಳು ಮಾಯವಾಗದ ಹಾಗೆ ಜೂನಿನಲ್ಲಿ ಹಾಕಿದ ತಿದ್ದುಪಡಿ. ನನ್ನಲ್ಲಿ ಹೆಚ್ಚಿಗೆ ಏನೂ ಇಲ್ಲ ಟೀಚರ್, ನಿಮ್ಮಲ್ಲಿ ಕಡಿಮೆ ಇದೆ. ಜೂನಿನ ಪ್ರತಿಯನ್ನೂ ತೆಗೆದು ನೋಡಿದೆ. ಅದರಲ್ಲೂ ಇಲ್ಲ.

ಕಾರಣ ನಿಮ್ಮ ಲಾಗಿನಲ್ಲೇ ಸಿಕ್ಕಿತು. ನೀವು ತಿದ್ದುಪಡಿ ಸೇರಿಸಿದ ಫೈಲಿನ ಮೇಲೆ ಬಿದ್ದಿರುವ ದಿನಾಂಕ 1 ಜನವರಿ 2010. ಗುಡುಗಿಗೆ ನೀವು ಪ್ಲಗ್ ಕೀಳುತ್ತೀರಿ. ಪ್ಲಗ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಒಳಗಿರುವ, ಅಂಗಿಯ ಗುಂಡಿಯಷ್ಟು ದೊಡ್ಡ ಸೆಲ್. ಆ ಸೆಲ್ ಈ ಬೇಸಿಗೆಯಲ್ಲಿ ಸತ್ತಿರಬೇಕು. ಇಂಟರ್ನೆಟ್ಟಿನ ವಯರ್ ಹಾಕಿದ್ದರೆ ಗಡಿಯಾರ ತಾನೇ ಸರಿಯಾಗುತ್ತಿತ್ತು, ಅದನ್ನೂ ವಿಷುವಿನಲ್ಲೇ ಕಿತ್ತಿದ್ದೀರಿ. ಹಾಗಾಗಿ ಪ್ರತಿಸಲ ಪ್ಲಗ್ ಹಾಕಿದಾಗ ನಿಮ್ಮ ಯಂತ್ರ 2010ಕ್ಕೆ ಹೋಗಿ ಕೂತುಕೊಳ್ಳುತ್ತದೆ.

ಯಾವ ಫೈಲು ಬದಲಾಗಿದೆ ಎಂದು ಬಿಲ್ಡ್ ತಿಳಿಯುವುದು ದಿನಾಂಕ ನೋಡಿ. ನೀವು ಉಳಿಸಿಕೊಂಡ ಹಳೆಯ ತುಂಡು ಹೋದ ವರ್ಷದ್ದು. ತಿದ್ದಿದ ಫೈಲು ಆ ತುಂಡಿಗಿಂತಲೂ ಎಷ್ಟೋ ವರ್ಷ ಹಳೆಯದು ಎಂದು ಬಿಲ್ಡ್‌ಗೆ ಕಂಡಿತು. ಇದರಲ್ಲಿ ಹೊಸದೇನೂ ಇಲ್ಲ ಎಂದು ಅದನ್ನೂ ಅದನ್ನು ಅವಲಂಬಿಸಿದ ಸಾವಿರಾರು ಫೈಲುಗಳನ್ನೂ ಬಿಟ್ಟು ಮುಂದೆ ಹೋಯಿತು. ನಿಮ್ಮ ಬಿಲ್ಡ್ ಐದು ಗಂಟೆಗೆ ಇಳಿದದ್ದು ಹೊಸ ಡಿಸ್ಕಿನಿಂದ ಅಲ್ಲ.

ಇನ್ನೊಂದು ಮಾತು ಬರೆಯದೆ ನನಗೆ ಆಗುವುದಿಲ್ಲ. ಮೊನ್ನೆ ಅಂಗಡಿಗೆ ಜೆರಾಕ್ಸಿಗೆ ಬಂದ ಹೆಂಗಸು, “ನೀವು ಅದ್ರಲ್ಲಿ ಎಂತದೋ ಸೇರಿಸಿದ್ದೀರಂತೆ, ಹೌದಾ?” ಎಂದು ಕೇಳಿದರು. ನಾನು ಯಾರು ಎಂಬುದಕ್ಕಾಗಿ ಕೇಳಿದರೋ, ನಾನು ಏನು ಮಾಡಿದೆ ಎಂಬುದಕ್ಕಾಗಿ ಕೇಳಿದರೋ ನನಗೆ ಗೊತ್ತಾಗಲಿಲ್ಲ. ಮತ್ತೆ ಮಾಡಿ ನೋಡುವವರೆಗೆ ಕಾಯಿರಿ ಎಂದು ಕೇಳಿಕೊಂಡಿದ್ದೆ ಟೀಚರ್. ನೀವು ನಾಲ್ಕು ದಿನದಲ್ಲಿ ಊರಿಗೆಲ್ಲ ಫೋನು ಮಾಡಿ ಆಗಿತ್ತು. ನನ್ನನ್ನು ಸಂಶಯಪಟ್ಟಿರಿ, ನನ್ನ ಯಂತ್ರಗಳನ್ನು ಸಂಶಯಪಟ್ಟಿರಿ, ಸರಿ. ನಿಮ್ಮ ಯಂತ್ರವನ್ನು ಒಮ್ಮೆಯೂ ಸಂಶಯಪಡಲಿಲ್ಲ.

ನಶೀದಾ

---

ಕಲ್ಲುಗುಂಡಿ
13 ನವೆಂಬರ್ 2024

ನಶೀದಾ,

ನಿನ್ನ ಪತ್ರ ಕೈಸೇರುವಾಗ ಮಧ್ಯಾಹ್ನ ಎರಡೂವರೆ. ಸಂಪ್ರೀತ್ ನಿಂತೇ ಇದ್ದ. ಎರಡನೇ ಪ್ಯಾರಾ ಓದಿದವಳೇ ಚಪ್ಪಲಿ ಹಾಕದೆ ಅಣ್ಣನ ಮನೆಗೆ ಹೋದೆ. ಅವರು ಆಗಷ್ಟೇ ‘ಹ’ ಮುಗಿಸಿ, ಸೇವ್ ಮಾಡಿ, ಕಾಫಿ ಕುಡಿಯುತ್ತಿದ್ದರು. ಪದಕೋಶ ಮುಗಿಯಿತೆಂದು ಅತ್ತಿಗೆ ಪಾಯಸಕ್ಕೆ ಇಡುತ್ತಿದ್ದರು.

ನಡುವಿನ ಪುಟಗಳನ್ನು ತೆರೆಯಿರಿ ಎಂದೆ. ಅಣ್ಣ ಕೀಲಿಗಳನ್ನು ಒತ್ತುತ್ತಾ ಹೋದರು. ‘ದ’ ಆದ ಮೇಲೆ ‘ಪ’ ಬಂತು. ಮತ್ತೆ ಹಿಂದೆ ಹೋದರು, ಮತ್ತೆ ಮುಂದೆ ಬಂದರು. “ಗೂಡೇ, ಇದರ್ಲಿ ‘ನ’ ಇಲ್ಲೆ” ಎಂದರು. ಈ ವಯಸ್ಸಿನಲ್ಲೂ ನನ್ನನ್ನು ಗೂಡೆ, ಎಂದರೆ ಹುಡುಗಿ, ಎಂದೇ ಕರೆಯುವವರು ಅವರೊಬ್ಬರು.

ಬರೆದಿಟ್ಟ ಚೀಟಿಗಳಿಂದ ಮತ್ತೆ ಟೈಪ್ ಮಾಡಬಹುದಲ್ಲ ಎಂದು ನೀನು ಕೇಳಬಹುದು. ಚೀಟಿಗಳಿಗೆ ಗೆದ್ದಲು ಹಿಡಿದಿತ್ತು. ಜುಲೈಯಲ್ಲಿ ನಾನೇ, “ಇನ್ನು ಅದೆಲ್ಲ ಎಂತಕ್ಕೆ ಅಣ್ಣ, ಕಂಪ್ಯೂಟರಲ್ಲಿ ಉಂಟಲ್ಲ, ಎರಡು ಸಹಿ ಬಿದ್ದದ್ದು” ಎಂದು ಹೇಳಿ ಸ್ನಾನದ ಒಲೆಗೆ ಹಾಕಿಸಿದೆ. ಆ ಶಬ್ದಗಳನ್ನು ಹೇಳಿದ್ದ ಇಬ್ಬರು ಅಜ್ಜಿಯರು ಈಗ ಇಲ್ಲ.

ಮೂಲೆಯಲ್ಲಿ ಗಡಿಯಾರ ತಪ್ಪು ತೋರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗೋಡೆಯಲ್ಲಿ ಒಂದು ಇದೆಯಲ್ಲ ಎಂದು ಬಿಟ್ಟಿದ್ದೆ. ಮಕ್ಕಳಿಗೆ ಇಪ್ಪತ್ತು ವರ್ಷ ಕಂಪ್ಯೂಟರ್ ಕಲಿಸಿದವಳು ನಾನು.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಮಾತಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಅಕ್ಟೋಬರಿನಲ್ಲಿ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನನ್ನೊಂದಿಗೆ ಪಾಠ ಮಾಡುತ್ತಿದ್ದ ಒಬ್ಬರು ಸಿಕ್ಕಿದರು. ನಮ್ಮ ಕೆಲಸದ ಸಂಗತಿ ಬಂತು. “ನಿಮ್ಗೆ ಅವಳೇ ಸಿಕ್ಕಿದ್ದಾ ಟೀಚರ್, ನಮ್ಮವರು ಯಾರೂ ಇರ್ಲಿಲ್ಲವಾ?” ಎಂದರು. ನಾನು ಹಾಗಲ್ಲ ಎನ್ನಲಿಲ್ಲ. ಬಸ್ಸು ಬಂತು, ಹತ್ತಿದೆ. ಮರುದಿನ ಕೂತು ನಾಲ್ಕು ಸಾವಿರ ಬೈಟಿನ ಪತ್ರ ಬರೆದೆ. ಆ ಪತ್ರವನ್ನು ಬರೆಸಿದ್ದು ಬೈಟುಗಳು ಮಾತ್ರ ಎಂದು ಈಗ ಹೇಳಲಾರೆ. ನನಗೆ ನಾಚಿಕೆಯಾಗುತ್ತಿದೆ ನಶೀದಾ.

ಹೊಸ ಸೆಲ್ ಹಾಕಿಸಿದೆ. ಅಣ್ಣನ ಮನೆಯ ಇನ್ವರ್ಟರನ್ನೂ ತಂದು ಜೋಡಿಸಿ ಎಲ್ಲವನ್ನೂ ಅಳಿಸಿ ಬುಡದಿಂದ ಬಿಲ್ಡ್ ಮಾಡಿದೆ. ಗುಡುಗಿದರೂ ಪ್ಲಗ್ ಕೀಳಲಿಲ್ಲ. ಹತ್ತೊಂಬತ್ತು ಗಂಟೆ ಅದರ ಮುಂದೆಯೇ ಇದ್ದೆ. ನನ್ನ ಗುರುತೂ ನಿನ್ನ ಗುರುತೂ ಈಗ ಒಂದೇ. ಸಹಿ ಹಾಕಿ ಕಳಿಸಿದ್ದೇನೆ. ನಾನು ಫೋನು ಮಾಡಿ ಬೇಡ ಎಂದು ತಿಳಿಸಿದ್ದವರ ಮನೆ, ಶಾಲೆಗಳಿಗೆಲ್ಲ ನಾನೇ ಹೋಗಿ, ತಪ್ಪು ನನ್ನದು, ಕಡಬದ್ದೇ ಸರಿ ಎಂದು ಹೇಳುತ್ತಿದ್ದೇನೆ. ಪುತ್ತೂರು ಮುಗಿಯಿತು, ನಾಳೆ ಬೆಳ್ಳಾರೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರ ಮನೆಗೆ ಮೊದಲು ಹೋಗಿ ಬಂದೆ.

ಅಣ್ಣ ಮತ್ತೆ ಶುರುಮಾಡುತ್ತಾರಂತೆ. ಆದರೆ ನನ್ನ ಮನೆಯಲ್ಲೂ ಕೂರುವುದಿಲ್ಲ, ಅವರ ಮನೆಯಲ್ಲೂ ಕೂರುವುದಿಲ್ಲ, ಕಡಬಕ್ಕೆ ಹೋಗುತ್ತೇನೆ ಎನ್ನುತ್ತಾರೆ. ನೀನು ಒಪ್ಪಿದರೆ.

ಪೂವಮ್ಮ

---

ಕಡಬ
19 ನವೆಂಬರ್ 2024

ಟೀಚರ್,

ಡೊಂಬಯ್ಯಣ್ಣ ನಿನ್ನೆಯಿಂದ ಬರುತ್ತಿದ್ದಾರೆ. ಕಿಟಕಿಯ ಹತ್ತಿರ ಮೇಜು ಕೊಟ್ಟಿದ್ದೇನೆ. ಜೆರಾಕ್ಸಿಗೆ ಬಂದವರನ್ನೆಲ್ಲ ನಿಲ್ಲಿಸಿ, ‘ನ’ದಿಂದ ಶುರುವಾಗುವ ಅರೆಭಾಷೆಯ ಶಬ್ದ ಯಾವುದಾದರೂ ಗೊತ್ತುಂಟಾ ಎಂದು ಕೇಳುತ್ತಾರೆ. ಇವತ್ತಿಗೆ ಹದಿನೇಳು ಸಿಕ್ಕಿವೆ. ಹೋದವು ಸಾವಿರಕ್ಕೂ ಮೇಲೆ. ಕೆಲವು ಎಲ್ಲೂ ಸಿಗಲಾರವು ಎಂದು ಅವರೇ ಹೇಳಿದರು.

ಬಸ್‌ಸ್ಟ್ಯಾಂಡಿನ ಸಂಗತಿ ಓದಿದೆ. ಅಂಥ ಮಾತು ಎಲ್ಲಿಂದಲಾದರೂ ಬಂದೀತು ಎಂದು ಕಾದುಕೊಂಡೇ ಇದ್ದವಳು ನಾನು. ನಿಮ್ಮ ಕಡೆಯಿಂದ ಬರಲಾರದು ಎಂದುಕೊಂಡಿದ್ದೆ. ಅದರ ನೋವು ಹೋಗಲು ಸ್ವಲ್ಪ ದಿನ ಬೇಕು. ಹೋಗುತ್ತದೆ.

ಈಗ ನನ್ನ ಸರದಿ. ಎದುರಿಗೆ ಹೇಳುತ್ತೇನೆ ಎಂದಿದ್ದ ಕಾರಣವನ್ನು ಇಲ್ಲೇ ಬರೆಯುತ್ತೇನೆ.

ಜೂನಿನ ಪ್ರತಿಯ ಮೇಲೆ ಎರಡನೇ ಸಹಿ ನನ್ನದು. ಸಹಿ ಹಾಕುವ ಮೊದಲು ನಾನೂ ಬಿಲ್ಡ್ ಮಾಡಿ, ನಿಮ್ಮದರೊಂದಿಗೆ ಹೋಲಿಸಿ ನೋಡಬೇಕಿತ್ತು. ನಾನು ಮಾಡಲಿಲ್ಲ. ಇರುವ ಒಂದು ಯಂತ್ರವನ್ನು ಅದಕ್ಕೇ ಬಿಟ್ಟರೆ ಅಂಗಡಿ ನಡೆಯುವುದು ಹೇಗೆ ಎಂದುಕೊಂಡೆ. ಮತ್ತೆ, ಟೀಚರ್ ಮಾಡಿದ್ದನ್ನು ನೋಡುವುದೆಂತ ಎಂದುಕೊಂಡೆ. ಅರ್ಧ ನಿಮಿಷದಲ್ಲಿ ಸಹಿ ಹಾಕಿ ಕಳಿಸಿದೆ. ಜೂನಿನದು ಮಾತ್ರ ಅಲ್ಲ, ಅದಕ್ಕಿಂತ ಹಿಂದಿನವೂ ಹಾಗೆಯೇ. ಒಂದನ್ನೂ ಹೋಲಿಸಿಲ್ಲ. ಆ ಸುಳ್ಳು ಒಳಗೆ ಕೊರೆಯುತ್ತಿತ್ತು. ಎರಡು ಗಂಟೆಯಲ್ಲಿ ಬಿಲ್ಡ್ ಮುಗಿಯುವ ಹಾಗೆ ಮಾಡಿದರೆ ಮುಂದಿನ ಸಲದಿಂದಾದರೂ ನಿಜವಾಗಿ ನೋಡಿ ಸಹಿ ಹಾಕಬಹುದೆಂದು ಬೇರೆಯವರ ಯಂತ್ರಗಳಿಗೆ ಕೈಹಾಕಿದೆ. ನೀವು ಹುಡುಕುತ್ತಿದ್ದ ಕಂಪೆನಿಯವರು ಬೇರೆ ಯಾರೂ ಅಲ್ಲ, ನನ್ನ ಈ ಸುಳ್ಳೇ.

ಡೊಂಬಯ್ಯಣ್ಣನಿಗೆ ಇದನ್ನು ನಿನ್ನೆಯೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, “ನೀನೂವಾ?” ಎಂದರು. ಆಮೇಲೆ ಟೈಪ್ ಮಾಡತೊಡಗಿದರು.

ನಿಮ್ಮ ಹೊಸ ಪ್ರತಿ ಬಂತು. ಸಹಿ ಹಾಕುವ ಮೊದಲು ಇನ್ನೊಮ್ಮೆ ಬುಡದಿಂದ ಬಿಲ್ಡ್ ಮಾಡಲು ಹಚ್ಚಿದ್ದೇನೆ, ಈ ಸಲ ವಾರಸುದಾರರನ್ನು ಕೇಳಿ. ಇನ್ನು ಮುಂದೆ ನೀವು ಕಳಿಸಿದ್ದನ್ನೆಲ್ಲ ನಾನು ಸಂಶಯದಿಂದಲೇ ನೋಡುತ್ತೇನೆ ಟೀಚರ್, ಬೇಸರ ಮಾಡಬೇಡಿ. ಜೂನಿನಲ್ಲಿ ನಿಮ್ಮನ್ನು ಒಂದೇ ಒಂದು ಸಲ ಸಂಶಯಪಟ್ಟಿದ್ದರೆ ಆ ಶಬ್ದಗಳೆಲ್ಲ ಇರುತ್ತಿದ್ದವು.

ನಶೀದಾ